ಮಕ್ಕಳಿಗೆ ಅಲ್ಲೇನಿದೆ?

‘ಮಕ್ಕಳಿಗೆ ಅಲ್ಲೇನಿದೆ?’ ಗ್ರೀಸಿನ ಒಂದು ಪುಟ್ಟ ದ್ವೀಪಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇವೆ ಎಂದಾಗ ನಮ್ಮ ಬಂಧುಬಳಗದಲ್ಲಿ ಎದ್ದ ಮೊದಲ ಪ್ರಶ್ನೆ ಇದು. ಎರಡನೆಯದು, ‘ಅಷ್ಟು ದುಡ್ಡು ಸುರಿದು ಕರ್ಕೊಂಡು ಹೋದ್ರೆ ನಾಳೆ ಅವಕ್ಕೆ ನೆನಪಾದರೂ ಇರುತ್ತಾ?’ ಮೂರನೆಯದು ಸ್ನೇಹಿತರಿಂದ, ಸ್ವಲ್ಪ ಅನುಕಂಪ ಬೆರೆಸಿ: ‘ಅಜ್ಜಿ ಮನೇಲಿ ಬಿಟ್ಟು ಹೋಗಬಾರದಾ? ನೀವಾದರೂ ನೆಮ್ಮದಿಯಾಗಿ ನೋಡಬಹುದು.’ ಕೇಳುವುದಕ್ಕೆ ಬೇರೆಬೇರೆ ಅನ್ನಿಸಿದರೂ ಈ ಮೂರು ಮಾತಿನ ಬೇರು ಒಂದೇ. ಪ್ರವಾಸ ದೊಡ್ಡವರ ಕೆಲಸ, ಮಕ್ಕಳು ಅದರ ಲಗೇಜು ಎನ್ನುವ ನಂಬಿಕೆ. ಅದು ತಪ್ಪು ನಂಬಿಕೆ ಎಂದು ವಾದಿಸುವುದಕ್ಕೇ ಈ ಬರಹ.

ಸಾಹಿತ್ಯ ಓದಿದ ಕನ್ನಡಿಗರಿಗೆ ಗ್ರೀಸ್ ಅಂದರೆ ಹೋಮರ್, ಸೋಫೋಕ್ಲಿಸ್, ದುರಂತ ನಾಟಕ. ಬಿಎಂಶ್ರೀ ಅವರು ಸೋಫೋಕ್ಲಿಸನ ‘ಐಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿ ಕೊಟ್ಟ ಕಾಲದಿಂದಲೂ ಆ ದೇಶ ನಮಗೆ ಗಂಭೀರ ಮುಖದ ಹಿರಿಯರ ನಾಡು. ಉಳಿದವರಿಗೆ ಗ್ರೀಸ್ ಅಂದರೆ ಫೋನಿನಲ್ಲಿ ಕಾಣುವ ಸಾಂತೊರಿನಿ: ಬಿಳಿ ಗೋಡೆ, ನೀಲಿ ಗುಮ್ಮಟ, ಸೂರ್ಯಾಸ್ತದ ಎದುರು ಉದ್ದ ಗೌನು ತೊಟ್ಟು ನಿಂತ ಹೆಣ್ಣುಮಗಳು. ಮೊದಲನೆಯ ಗ್ರೀಸಿನಲ್ಲಿ ಮಕ್ಕಳಿದ್ದಾರೆ, ನಾವು ಗಮನಿಸುವುದಿಲ್ಲ. ಐಜಾಕ್ಸ್ ಸಾಯುವ ಮೊದಲು ತನ್ನ ಪುಟ್ಟ ಮಗನನ್ನು ಕರೆಸಿಕೊಳ್ಳುತ್ತಾನೆ ಎನ್ನುವುದು ಎಷ್ಟು ಜನರಿಗೆ ನೆನಪಿದೆ? ಎರಡನೆಯ ಗ್ರೀಸಿನಲ್ಲಂತೂ ಮಕ್ಕಳಿಗೆ ಜಾಗವೇ ಇಲ್ಲ.

ಜಾಗವಿಲ್ಲ ಎನ್ನುವುದು ಅಲಂಕಾರದ ಮಾತಲ್ಲ. ಇಂತಿಷ್ಟು ವರ್ಷ ತುಂಬದವರನ್ನು ಸೇರಿಸುವುದಿಲ್ಲ ಎಂದು ಮೊದಲೇ ಹೇಳುವ ಹೋಟೆಲುಗಳು ಸಾಂತೊರಿನಿಯಲ್ಲಿ ಹಲವು. ಕಡಿದಾದ ಬಂಡೆಯ ಅಂಚಿನಲ್ಲಿ ಈಜುಕೊಳ ಕಟ್ಟಿಕೊಂಡವರು ಸುರಕ್ಷತೆಯ ಕಾರಣ ಕೊಟ್ಟರೆ ಒಪ್ಪಬಹುದು. ಆದರೆ ಇಂಥ ಹೋಟೆಲುಗಳನ್ನು ಮಾರುವುದು ‘ಪ್ರಶಾಂತತೆ’ಯ ಹೆಸರಿನಲ್ಲಿ. ಸುಮಾರು 15,000 ಜನರು ವಾಸಿಸುವ ಆ ದ್ವೀಪಕ್ಕೆ 2023ರಲ್ಲಿ 34 ಲಕ್ಷದಷ್ಟು ಪ್ರವಾಸಿಗರು ಬಂದರೆಂದು ವರದಿಯಾಗಿತ್ತು. ಐಷಾರಾಮಿ ಹಡಗುಗಳಲ್ಲಿ ಬಂದಿಳಿಯುವವರಿಗೆ ದಿನಕ್ಕೆ 8,000 ಎಂಬ ಮಿತಿ ಹಾಕಬೇಕಾಯಿತು. ಆ ದ್ವೀಪದ ಶಾಂತಿ ಕೆಡಿಸಿದ್ದು ಐದು ವರ್ಷದ ಮಗುವಿನ ಗಲಾಟೆಯೇ?

ನಾವು ಹೋದದ್ದು ಟಿಲೋಸ್‌ಗೆ. ಏಜಿಯನ್ ಸಮುದ್ರದಲ್ಲಿ, ಟರ್ಕಿಯ ಕರಾವಳಿಗೆ ಹತ್ತಿರ, ರೋಡ್ಸ್ ಮತ್ತು ಕೋಸ್ ಎಂಬ ದೊಡ್ಡ ದ್ವೀಪಗಳ ನಡುವೆ ಇರುವ ಸಣ್ಣ ನೆಲ. ವಿಸ್ತಾರ 60 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಜನಸಂಖ್ಯೆ ಸಾವಿರ ಮುಟ್ಟುವುದಿಲ್ಲ. ವಿಮಾನ ನಿಲ್ದಾಣ ಇಲ್ಲ. ರೋಡ್ಸ್‌ಗೆ ಹೋಗಿ ಅಲ್ಲಿಂದ ಹಡಗು ಹಿಡಿಯಬೇಕು. ಹಡಗು ನಿಲ್ಲುವುದು ಲಿವಾಡಿಯಾ ಎಂಬ ಬಂದರಿನಲ್ಲಿ. ಒಳಗಡೆ ಬೆಟ್ಟದ ಮೈಗೆ ಅಂಟಿಕೊಂಡ ಊರು ಮೆಗಾಲೊ ಹೋರಿಯೊ. ಲಿವಾಡಿಯಾದ ಮೇಲಿನ ಬೆಟ್ಟದಲ್ಲಿ ಜನ ಬಿಟ್ಟುಹೋದ ಊರು ಮಿಕ್ರೊ ಹೋರಿಯೊ. ಗ್ರೀಕಿನಲ್ಲಿ ಇವಕ್ಕೆ ದೊಡ್ಡ ಹಳ್ಳಿ, ಚಿಕ್ಕ ಹಳ್ಳಿ ಎಂದಷ್ಟೇ ಅರ್ಥ. ಅದನ್ನು ಹೇಳಿದ ಕೂಡಲೇ ನನ್ನ ಒಂಬತ್ತು ವರ್ಷದ ಮಗಳು, ‘ಹಾಗಾದ್ರೆ ದೊಡ್ಡಹಳ್ಳಿ, ಚಿಕ್ಕಹಳ್ಳಿ ಅಂತ ಬೋರ್ಡ್ ಹಾಕ್ಕೋಬಹುದಲ್ಲ!’ ಎಂದಳು. ಅವಳಿಗೆ ಆ ಊರು ಆಗಲೇ ಪರಿಚಯದ್ದಾಗಿಬಿಟ್ಟಿತ್ತು.

ದೊಡ್ಡವರ ಪಟ್ಟಿಯ ಪ್ರಕಾರ ಟಿಲೋಸ್ ಒಂದೂವರೆ ದಿನದಲ್ಲಿ ಮುಗಿದುಹೋಗುತ್ತದೆ. ಬೆಟ್ಟದ ಮೇಲಿನ ಹಳೆಯ ಕೋಟೆ, ಒಂದು ಮಠ, ಎರಡು ಮೂರು ಕಡಲತೀರ. ಅಷ್ಟೇ. ನಾನೂ ನನ್ನ ಗಂಡನೂ ಅದನ್ನು ಮುಗಿಸಿದ ಹೊತ್ತಿಗೆ ಮಕ್ಕಳದಿನ್ನೂ ಬಂದರಿನ ಗೋಡೆಯೇ ಮುಗಿದಿರಲಿಲ್ಲ. ಬೆಳಿಗ್ಗೆ ಮೀನುಗಾರರು ಬಲೆ ಬಿಡಿಸುವುದನ್ನು ನೋಡಬೇಕು, ಅಲ್ಲಿ ಕಾದು ಕೂತ ಬೆಕ್ಕುಗಳಲ್ಲಿ ಯಾವುದಕ್ಕೆ ಮೊದಲ ಮೀನು ಸಿಗುತ್ತದೆ ಎಂದು ಲೆಕ್ಕ ಇಡಬೇಕು, ಲಿವಾಡಿಯಾದ ದಂಡೆಯ ನುಣ್ಣನೆಯ ಕಲ್ಲುಗಳಲ್ಲಿ ಬಿಳಿಯದು ಬೇರೆ, ಪಟ್ಟೆಯದು ಬೇರೆ ಮಾಡಬೇಕು. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುವಾಗ ತಾವೂ ಮಲಗಬೇಕು, ಸಂಜೆ ಮತ್ತೆ ಬೆಕ್ಕಿನ ಲೆಕ್ಕ.

ಇದನ್ನು ನೋಡಿಯೇ ನಾನು ಹೇಳುತ್ತಿದ್ದೇನೆ, ಚಿಕ್ಕ ದ್ವೀಪದ ಅಳತೆ ಮಗುವಿನ ಅಳತೆ. ಒಂದು ತುದಿಯಿಂದ ಇನ್ನೊಂದು ತುದಿ ಕಾಣುವಷ್ಟು ಜಾಗ, ಎರಡನೆಯ ದಿನಕ್ಕೆ ಗುರುತು ಹಿಡಿಯುವಷ್ಟು ಜನ, ದಿನಕ್ಕೆ ಬೆರಳೆಣಿಕೆಯ ಹಡಗು. ಮಹಾನಗರದಲ್ಲಿ ಮಗುವಿನ ಕೈ ಬಿಗಿಹಿಡಿದು ಎಳೆದುಕೊಂಡು ಓಡಬೇಕು. ಇಲ್ಲಿ ಕೈ ಬಿಡಬಹುದು. ‘ಅಲ್ಲೇನಿದೆ’ ಎಂದು ಕೇಳುವವರು ಹುಡುಕುವುದು ಟಿಕೆಟ್ಟು ಇರುವ ವಸ್ತುವನ್ನು. ಟಿಕೆಟ್ಟಿಲ್ಲದ್ದು ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗೆಂದು ಟಿಲೋಸ್‌ನಲ್ಲಿ ‘ನೋಡುವಂಥದ್ದು’ ಇಲ್ಲ ಎಂದೂ ಅಲ್ಲ. ಅಲ್ಲಿ ಆನೆಗಳಿದ್ದವು! ದ್ವೀಪದ ಹಾರ್ಕಾಡಿಯೊ ಗುಹೆಯಲ್ಲಿ 1971ರಲ್ಲಿ ಕುಬ್ಜ ಆನೆಗಳ ಎಲುಬುಗಳು ಸಿಕ್ಕವು. ಒಬ್ಬ ಆಳಿನ ಎತ್ತರದ ಆಸುಪಾಸಿನ ಆನೆ. ಯುರೋಪಿನಲ್ಲಿ ಕೊನೆಯವರೆಗೂ ಉಳಿದುಕೊಂಡಿದ್ದ ಆನೆಗಳಲ್ಲಿ ಇವೂ ಸೇರಿವೆ ಎನ್ನುತ್ತಾರೆ. ದಸರೆಯ ಆನೆಗಳನ್ನು ನೋಡಿ ಬೆಳೆದ ಮೈಸೂರಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದು? ‘ಅಮ್ಮಾ, ಆನೆ ಇಲ್ಲಿಗೆ ಹಡಗಲ್ಲಿ ಬಂತಾ?’ ಎಂದ ಐದು ವರ್ಷದ ಮಗ. ಈಜಿಕೊಂಡು ಬಂದಿರಬೇಕು, ಆನೆಗಳು ಒಳ್ಳೆಯ ಈಜುಗಾರರು ಎಂದೆ. ಸ್ವಲ್ಪ ಹೊತ್ತು ಬಿಟ್ಟು, ‘ದ್ವೀಪ ಚಿಕ್ಕದು ಅಂತ ಆನೆನೂ ಚಿಕ್ಕದಾಯ್ತಾ?’ ಎಂದ. ವಿಜ್ಞಾನಿಗಳು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಮೇವು ಕಡಿಮೆ, ಬೇಟೆಯಾಡುವ ದೊಡ್ಡ ಪ್ರಾಣಿಗಳ ಭಯವಿಲ್ಲ, ದೊಡ್ಡ ಮೈ ಇಟ್ಟುಕೊಂಡು ಲಾಭವಿಲ್ಲ; ತಲೆಮಾರುಗಳು ಉರುಳಿದಂತೆ ಆನೆ ಕುಗ್ಗುತ್ತದೆ. ಆಸ್ಟ್ರಿಯಾದ ಓಥೆನಿಯೋ ಆಬೆಲ್ 1914ರಲ್ಲಿ ಇನ್ನೂ ಒಂದು ಊಹೆ ಮುಂದಿಟ್ಟಿದ್ದ. ಇಂಥ ಕುಬ್ಜ ಆನೆಗಳ ತಲೆಬುರುಡೆಯ ನಡುವೆ ಸೊಂಡಿಲಿನ ಜಾಗದಲ್ಲಿ ದೊಡ್ಡ ತೂತು ಇರುತ್ತದಲ್ಲ, ಅದನ್ನು ಕಂಡ ಹಳೆಯ ಕಾಲದವರು ಒಕ್ಕಣ್ಣ ರಾಕ್ಷಸನ ಕಥೆ ಕಟ್ಟಿರಬಹುದು ಎಂದು. ಇದನ್ನು ಸಾಬೀತು ಮಾಡಲಾಗುವುದಿಲ್ಲ. ಆದರೆ ಹೋಮರನ ಪಾಲಿಫೀಮಸ್ ನನ್ನ ಮಕ್ಕಳ ತಲೆಯೊಳಗೆ ಹೊಕ್ಕಿದ್ದು ಈ ಬಾಗಿಲಿನಿಂದ.

ಇನ್ನು ನೆನಪಿನ ಪ್ರಶ್ನೆ. ‘ಮಕ್ಕಳಿಗೆ ನೆನಪಿರುವುದಿಲ್ಲ’ ಎನ್ನುವವರಿಗೆ ಇದೇ ದ್ವೀಪದ ಕವಿಯೊಬ್ಬಳು ಉತ್ತರ ಕೊಟ್ಟಿದ್ದಾಳೆ. ಹೆಸರು ಎರಿನ್ನಾ. ಕ್ರಿಸ್ತಪೂರ್ವ 4ನೇ ಶತಮಾನದವಳು. ಲೆಸ್ಬೋಸ್ ದ್ವೀಪದವಳೆಂಬ ಹಳೆಯ ಉಲ್ಲೇಖವೂ ಇದೆ, ಆದರೆ ಹೆಚ್ಚಿನ ವಿದ್ವಾಂಸರು ಟಿಲೋಸ್ ಕಡೆಗೇ ವಾಲುತ್ತಾರೆ. ಹತ್ತೊಂಬತ್ತಕ್ಕೇ ತೀರಿಕೊಂಡಳು ಎನ್ನುತ್ತದೆ ಪರಂಪರೆ. ಆಕೆ ಬರೆದ 300 ಸಾಲಿನ ‘ಡಿಸ್ಟಾಫ್’, ಅಂದರೆ ನೂಲುವ ಕೋಲು, ಎಂಬ ಕಾವ್ಯದ ಒಂದು ತುಣುಕು ಮಾತ್ರ ಈಜಿಪ್ಟಿನಲ್ಲಿ ದೊರೆತ ಪಪೈರಸ್ ಹಾಳೆಯಲ್ಲಿ ಉಳಿದಿದೆ. ಮದುವೆಯಾಗಿ ಹೋಗಿ ಬೇಗನೆ ಸತ್ತ ಬಾಲ್ಯದ ಗೆಳತಿ ಬೌಕಿಸ್‌ಗಾಗಿ ಮಾಡಿದ ಶೋಕ ಅದು. ಶೋಕಕ್ಕೆ ಎರಿನ್ನಾ ಬಳಸಿಕೊಳ್ಳುವುದು ಏನನ್ನು? ಇಬ್ಬರೂ ಅಂಗಳದಲ್ಲಿ ಆಡಿದ ಆಮೆಯ ಆಟ, ಗೊಂಬೆಗಳು, ನಾಲ್ಕು ಕಾಲಲ್ಲಿ ನಡೆಯುವ ದೊಡ್ಡ ಕಿವಿಯ ಮೊರ್ಮೊ. ಮೊರ್ಮೊ ಅಂದರೆ ಬೇರೇನಲ್ಲ, ಪುರಂದರದಾಸರ ಕೃಷ್ಣ ‘ಕರೆಯಬೇಡ’ ಎಂದು ಅಮ್ಮನನ್ನು ಬೇಡಿಕೊಳ್ಳುತ್ತಾನಲ್ಲ, ಅದೇ ಗುಮ್ಮ. ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನ ಒಂದು ಸಣ್ಣ ದ್ವೀಪದಿಂದ ನಮ್ಮವರೆಗೆ ಬಂದಿರುವುದು ಮಕ್ಕಳಾಟದ ನೆನಪು. ಮಗುವಿಗೆ ತಾರೀಖು ನೆನಪಿರುವುದಿಲ್ಲ, ಊರಿನ ಹೆಸರೂ ಮರೆಯಬಹುದು. ಅದಕ್ಕೇ ಅದು ಅನುಭವವಲ್ಲ ಎನ್ನುವುದಾದರೆ ಇಂಥ ಕವಿತೆ ಹುಟ್ಟುವುದು ಎಲ್ಲಿಂದ?

ಆದರೂ ಪ್ರವಾಸ ಸಾಹಿತ್ಯಕ್ಕೆ ಆದರ್ಶ ಎರಿನ್ನಾ ಅಲ್ಲ, ಒಡಿಸ್ಯೂಸ್. ಮನೆ ಬಿಟ್ಟು, ಮಗು ಬಿಟ್ಟು ಹೊರಟು, ಇಪ್ಪತ್ತು ವರ್ಷ ಕಳೆದು ತನ್ನ ಪುಟ್ಟ ದ್ವೀಪ ಇಥಾಕಾಗೆ ಮರಳಿದವನು. ಆದರೆ ಅವನ ಕಥೆಯಲ್ಲೇ ಒಂದು ಪ್ರಸಂಗವಿದೆ. ಟ್ರಾಯ್ ಯುದ್ಧಕ್ಕೆ ಹೋಗಲು ಇಷ್ಟವಿಲ್ಲದೆ ಅವನು ಹುಚ್ಚನ ಸೋಗು ಹಾಕಿ ಹೊಲ ಉಳುತ್ತಿದ್ದಾಗ, ಪಲಮಿಡಿಸ್ ಎಂಬಾತ ಹಸುಗೂಸು ಟೆಲಿಮ್ಯಾಕಸ್‌ನನ್ನು ತಂದು ನೇಗಿಲಿನ ಮುಂದೆ ಇಡುತ್ತಾನೆ. ಒಡಿಸ್ಯೂಸ್ ನೇಗಿಲು ತಿರುಗಿಸುತ್ತಾನೆ, ಸೋಗು ಬಯಲಾಗುತ್ತದೆ. ನಮ್ಮ ಪ್ರವಾಸ ಕಥನಗಳ ಮುಂದೆಯೂ ಒಂದು ಮಗುವನ್ನು ಕೂರಿಸಬೇಕು ಅನ್ನಿಸುತ್ತದೆ ನನಗೆ. ‘ನಾನು ಒಂಟಿಯಾಗಿ ಅನಂತ ಸಾಗರದೆದುರು ನಿಂತೆ’ ಎಂದು ಬರೆಯುವವರ ಪಕ್ಕದಲ್ಲಿ ‘ಅಮ್ಮಾ, ಉಚ್ಚೆ’ ಎನ್ನುವ ಮಗು ಇದ್ದರೆ ಆ ಸಾಲು ಬರೆಯುವುದಕ್ಕೆ ಆಗುವುದಿಲ್ಲ. ಬದಲಿಗೆ ಹತ್ತಿರದ ಮನೆಯ ಬಾಗಿಲು ತಟ್ಟಬೇಕಾಗುತ್ತದೆ. ಬಾಗಿಲು ತೆರೆದವರ ಜೊತೆ ಮಾತಾಡಬೇಕಾಗುತ್ತದೆ.

ಹಾಗೆ ತೆರೆದ ಬಾಗಿಲುಗಳೇ ನಮ್ಮ ಪ್ರವಾಸ. ಗ್ರೀಸಿನಲ್ಲಿ ರಾತ್ರಿ ಹನ್ನೊಂದಾದರೂ ಮಕ್ಕಳು ಊರ ಚೌಕದಲ್ಲಿ ಚೆಂಡು ಒದೆಯುತ್ತಿರುತ್ತಾರೆ, ದೊಡ್ಡವರು ಸುತ್ತ ಕೂತು ಹರಟುತ್ತಾರೆ. ‘ಮಲಗುವ ಹೊತ್ತು’ ಎಂದು ಯಾರೂ ಗದರುವುದಿಲ್ಲ. ನಮ್ಮವರನ್ನೂ ಆಟಕ್ಕೆ ಸೇರಿಸಿಕೊಂಡರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಮಗನ ಕೆನ್ನೆ ಸವರಿ ‘ಫ್ತೂ ಫ್ತೂ ಫ್ತೂ’ ಎಂದು ಮೂರು ಸಲ ಉಗುಳಿದಂತೆ ಮಾಡಿದರು. ಗಂಡ ಗಾಬರಿಯಾದರು. ನನಗೆ ನಗು ಬಂತು, ದೃಷ್ಟಿ ತೆಗೆಯುವುದನ್ನು ನನಗೆ ಯಾರೂ ಅನುವಾದಿಸಿ ಹೇಳಬೇಕಿರಲಿಲ್ಲ. ನಾವಿಬ್ಬರೇ ಹೋಗಿದ್ದರೆ ಆ ಅಜ್ಜಿ ನಮ್ಮನ್ನು ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ತೊಂದರೆಗಳಿಲ್ಲವೇ? ಇವೆ. ಜುಲೈ, ಆಗಸ್ಟಿನಲ್ಲಿ ಬಿಸಿಲು ಸುಡುತ್ತದೆ. ಮೆಲ್ಟೆಮಿ ಎಂಬ ಬಡಗಣ ಗಾಳಿ ಜೋರಾದರೆ ಹಡಗುಗಳೇ ನಿಂತುಹೋಗುತ್ತವೆ. ದೊಡ್ಡ ಆಸ್ಪತ್ರೆ ಬೇಕೆಂದರೆ ರೋಡ್ಸ್‌ಗೆ ಓಡಬೇಕು. ಹಣದ ಮಾತಂತೂ ಇದ್ದೇ ಇದೆ. ವೀಸಾ, ವಿಮಾನ, ಹಡಗು ಎಲ್ಲ ಸೇರಿ ಇದು ಎಲ್ಲರ ಕೈಗೆಟುಕುವ ಪ್ರಯಾಣವಲ್ಲ. ಎಟುಕದವರನ್ನು ಚುಚ್ಚುವುದಕ್ಕೆ ನಾನಿದನ್ನು ಬರೆಯುತ್ತಿಲ್ಲ. ನನ್ನ ಜಗಳ ಇರುವುದು ಹಣವಿದ್ದೂ ‘ಮಕ್ಕಳ ಟಿಕೆಟ್ಟು ದಂಡ’ ಎನ್ನುವವರ ಜೊತೆ. ಮಕ್ಕಳಿಲ್ಲದವರು ಹೋಗಬಾರದು ಎಂದೂ ಅಲ್ಲ. ಹೋದವರು ಮಗುವಿನಷ್ಟು ನಿಧಾನವಾಗಿ ನೋಡಲಿ, ಅಷ್ಟೇ.

ಇನ್ನೊಂದು ಬಗೆಯವರಿದ್ದಾರೆ. ಮಕ್ಕಳನ್ನು ಕರೆದುಕೊಂಡೇ ಹೋಗುತ್ತಾರೆ, ಆದರೆ ಪ್ರಾಜೆಕ್ಟಿನಂತೆ. ನಾಲ್ಕು ದಿನಕ್ಕೆ ಐದು ದ್ವೀಪ, ಪ್ರತಿ ಕಂಬದ ಮುಂದೆ ಫೋಟೋ, ‘ಈ ದೇವಸ್ಥಾನ ಕಟ್ಟಿದ್ದು ಯಾವಾಗ ಹೇಳು’ ಎಂಬ ಪರೀಕ್ಷೆ, ಊಟದ ಮೇಜಿನಲ್ಲಿ ಬಾಯಿ ಮುಚ್ಚಿಸಲು ಕೈಗೊಂದು ಫೋನು. ಇವರೂ ಮಕ್ಕಳನ್ನು ಲಗೇಜು ಎಂದೇ ನೋಡುವವರು. ಅಜ್ಜಿ ಮನೆಯಲ್ಲಿ ಬಿಡುವ ಬದಲು ಹೊತ್ತೊಯ್ದಿದ್ದಾರೆ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ ಮೇಲೂ, ಇದು ನಮ್ಮ ರಜೆಯ ವಿಷಯ ಮಾತ್ರವಾಗಿದ್ದರೆ ನಾನು ಇಷ್ಟು ದನಿ ಎತ್ತುತ್ತಿರಲಿಲ್ಲ. ಸಣ್ಣ ದ್ವೀಪ ಬದುಕುವುದೋ ಸಾಯುವುದೋ ಅಲ್ಲಿನ ಮಕ್ಕಳ ಮೇಲೆ ನಿಂತಿದೆ. ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತದೆ, ಶಾಲೆ ಮುಚ್ಚಿದರೆ ಉಳಿದ ಕುಟುಂಬಗಳೂ ಹಡಗು ಹತ್ತುತ್ತವೆ. ಮಲೆನಾಡಿನಲ್ಲಿ ಶಾಲೆ ಮುಚ್ಚಿದ ಹಳ್ಳಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಿಕ್ರೊ ಹೋರಿಯೊದ ಬಿದ್ದ ಗೋಡೆಗಳ ನಡುವೆ ನಡೆದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: ‘ಇಲ್ಲಿ ಸ್ಕೂಲ್ ಎಲ್ಲಿತ್ತು?’ ನನಗೆ ಉತ್ತರ ಗೊತ್ತಿರಲಿಲ್ಲ. ಇದೇ ಟಿಲೋಸ್‌ನ ಜನ ಕಳೆದ ದಶಕದಲ್ಲಿ ಸಿರಿಯಾದ ನಿರಾಶ್ರಿತ ಕುಟುಂಬಗಳನ್ನು ಓಡಿಸದೆ ತಮ್ಮಲ್ಲಿ ಇರಿಸಿಕೊಂಡರು. ‘ನಮ್ಮಲ್ಲಿ ಜಾಗವಿದೆಯೇ?’ ಎಂದು ಸಾವಿರ ಜನರೂ ಇಲ್ಲದ ಊರು ಕೇಳಲಿಲ್ಲ.

ಪಕ್ಕದ ಕೋಸ್ ದ್ವೀಪದ ಕಡೆಗೆ 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ಬೋಡ್ರಮ್‌ನಿಂದ ಒಂದು ಸಣ್ಣ ದೋಣಿ ಹೊರಟಿತ್ತು. ಅದು ಮುಳುಗಿತು. ಕೆಂಪು ಅಂಗಿ ತೊಟ್ಟು ದಡದ ಮರಳಿನಲ್ಲಿ ಮುಖ ಅಡಿಯಾಗಿ ಮಲಗಿದ್ದ ಸಿರಿಯಾದ ಆ ಪುಟ್ಟ ಹುಡುಗನ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅವನೂ ತನ್ನ ತಂದೆತಾಯಿಯ ಜೊತೆ ಒಂದು ಗ್ರೀಕ್ ದ್ವೀಪಕ್ಕೆ ಹೊರಟಿದ್ದ ಮಗುವೇ. ಅದೇ ಕಡಲನ್ನು ನನ್ನ ಮಕ್ಕಳು ಪಾಸ್‌ಪೋರ್ಟಿನ ಬಲದಿಂದ ಐಸ್‌ಕ್ರೀಮ್ ತಿನ್ನುತ್ತ ದಾಟಿದರು. ಒಂಬತ್ತು ವರ್ಷದವಳಿಗೆ ನಾನಿದನ್ನು ಹಡಗಿನ ಅಟ್ಟದ ಮೇಲೆ ನಿಂತು ಹೇಳಿದೆ. ಹೇಳಬಾರದಿತ್ತು ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ನೀರನ್ನು ಸುಂದರ ನೀಲಿ ಎಂದಷ್ಟೇ ಹೇಳಿ ಮನೆಗೆ ಕರೆತಂದಿದ್ದರೆ ಅದು ಸುಳ್ಳಾಗುತ್ತಿತ್ತು.

‘ಮಕ್ಕಳಿಗೆ ಅಲ್ಲೇನಿದೆ?’ ಎಂದು ಇನ್ನು ಮುಂದೆ ಕೇಳುವವರಿಗೆ ನನ್ನದು ಮರುಪ್ರಶ್ನೆ. ಮಕ್ಕಳಿಗೆ ಏನೂ ಇಲ್ಲದ ಜಾಗದಲ್ಲಿ ನಿಮಗಾದರೂ ಏನಿದೆ? ಬೆಕ್ಕು, ಕಲ್ಲು, ಆನೆಯ ಎಲುಬು, ಗುಮ್ಮನ ಕಥೆ, ಅಜ್ಜಿಯ ಕೈ, ದೋಣಿ ಮುಳುಗಿದ ಕಡಲು, ಇವು ಇರುವ ಕಡೆಗೆ ಹೋಗಿ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ದಾರಿಯಲ್ಲಿ ಅವರು ನಿಂತಲ್ಲಿ ನೀವೂ ನಿಲ್ಲಿ.