ಅಂಗಳದಲ್ಲಿ ಕಾರಿಗೆ ಬಣ್ಣ

ಮಾರುತಿ 800 ಕಾರಿನ ತಯಾರಿ 2014ರಲ್ಲೇ ನಿಂತುಹೋಯಿತು. ಆದರೆ ಎಷ್ಟೋ ಮನೆಗಳ ಅಂಗಳದಲ್ಲಿ ಅದು ಈಗಲೂ ಇದೆ. ಬಾಗಿಲಿನ ಕೆಳಗೆ ತುಕ್ಕು, ಬಾನೆಟ್ಟಿನ ಮೇಲೆ ಬಿಸಿಲಿಗೆ ಬಿಳಿಚಿದ ಬಣ್ಣ. ಪೂರ್ತಿ ಬಣ್ಣ ಹೊಡೆಯಲು ಗ್ಯಾರೇಜಿನವರು ಹೇಳುವ ದರ ಕೇಳಿದರೆ ಹಳೆ ಕಾರಿನ ಬೆಲೆಯೇ ನೆನಪಾಗುತ್ತದೆ. ಆಗ ಮನೆಯ ಗಂಡಸರಿಗೆ, ಅದರಲ್ಲೂ ಕಾಲೇಜಿಗೆ ಹೋಗುವ ಮಗನಿಗೆ, ಒಂದು ಯೋಚನೆ ಹುಟ್ಟುತ್ತದೆ. ಕಂಪ್ರೆಸರ್ ಬಾಡಿಗೆಗೆ ತಂದು ನಾವೇ ಹೊಡೆದರೇನು?

ಮನೆಯಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ, ಆದರೆ ಎಲ್ಲವೂ ಅಲ್ಲ. ಸ್ಪ್ರೇ ಗನ್ ಹಿಡಿಯುವುದು ಒಬ್ಬನಾದರೂ ಅದರ ಗಾಳಿಯನ್ನು ಉಸಿರಾಡುವುದು ಮನೆಮಂದಿಯೆಲ್ಲ. ಆದ್ದರಿಂದ ಈ ವಿಷಯ ಗೃಹಿಣಿಯರಿಗೂ ತಿಳಿದಿರಬೇಕು.

ಬಣ್ಣದ ಕೆಲಸದಲ್ಲಿ ಹೆಚ್ಚಿನ ಪಾಲು ಉಜ್ಜುವುದೇ. ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ತೆಗೆಯಬೇಕು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಮುಚ್ಚಿದರೆ ಮಳೆಗಾಲ ಕಳೆಯುವುದರೊಳಗೆ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಬರಿ ತಗಡಿಗೆ ಬ್ರಶ್‌ನಿಂದ ಎಪಾಕ್ಸಿ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ತೆಳುವಾಗಿ ಪುಟ್ಟಿ ಹಾಕಿ, 80ರ ಕಾಗದದಿಂದ ಆರಂಭಿಸಿ 180, 320 ಎಂದು ನುಣುಪಿಗೆ ಬರಬೇಕು. ಪುಟ್ಟಿ ನೀರು ಹೀರುವುದರಿಂದ ಅದನ್ನು ಒಣಗಿದಂತೆಯೇ ಉಜ್ಜಬೇಕು. ಹಳೆಯ ಬಣ್ಣವನ್ನಾದರೆ ವಾಟರ್ ಪೇಪರ್ ಬಳಸಿ ಒದ್ದೆ ಮಾಡಿಯೇ ಉಜ್ಜಬೇಕು. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ಸಿಗುತ್ತದೆ. ತೆಳು ಬಟ್ಟೆಯೊಂದನ್ನು ನಡುವೆ ಇಟ್ಟು ಸವರಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಹೊಲಿಗೆ ಬಲ್ಲ ಹೆಣ್ಣುಮಕ್ಕಳ ಕೈ ಗಂಡಸರ ಕೈಗಿಂತ ಮೇಲೆಂದು ನನ್ನ ಅಭಿಪ್ರಾಯ.

ಹಳೆಯ ಬಣ್ಣವನ್ನು ಒದ್ದೆ ಮಾಡಿ ಉಜ್ಜಲು ಹೇಳುವುದಕ್ಕೆ ಕಾರಣವಿದೆ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂದು ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು. ಆದರೆ ಅದು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ. ಹಳೆ ವಾಹನದ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯುವುದು ಒಳ್ಳೆಯದು. ಮಕ್ಕಳ ಬೆಳೆಯುವ ಮೆದುಳಿಗೆ ಸೀಸ ಶತ್ರು. ಉಜ್ಜುವಾಗ ಮಕ್ಕಳನ್ನು ಅಂಗಳದಿಂದ ದೂರವಿಡಿ, ಆ ನೀರು ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ.

ಇನ್ನು ಸ್ಪ್ರೇ. ವಿಷಯ ಗಂಭೀರವಾಗುವುದು ಇಲ್ಲಿ. ಅಂಗಡಿಯಲ್ಲಿ ಎರಡು ಬಗೆಯ ಬಣ್ಣ ಸಿಗುತ್ತದೆ. ಹಳೆಯ ಎನ್‌ಸಿ ಬಣ್ಣ ಥಿನ್ನರ್ ಆರಿದೊಡನೆ ಒಣಗುತ್ತದೆ. ಈಗ ಎಲ್ಲರೂ ಬಯಸುವ ಗಾಜಿನಂಥ ಹೊಳಪು ಕೊಡುವುದು ಪಿಯು ಬಣ್ಣ. ಇದಕ್ಕೆ ಇನ್ನೊಂದು ಚಿಕ್ಕ ಡಬ್ಬದಿಂದ ಹಾರ್ಡನರ್ ಬೆರೆಸಬೇಕು. ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ವೃತ್ತಿಯಿಂದ ಬರುವ ಆಸ್ತಮಾದ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದೆ. ಒಮ್ಮೆ ದೇಹ ಇದಕ್ಕೆ ಒಗ್ಗದಂತಾದರೆ ಅನಂತರ ಅತಿ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಕೆಲವರು ಆ ಕಸುಬನ್ನೇ ಬಿಡಬೇಕಾಗುತ್ತದೆ.

ಮೂಗಿಗೆ ಕಟ್ಟುವ ಕರವಸ್ತ್ರವಾಗಲಿ ಔಷಧದಂಗಡಿಯ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಕೊಡುವ ಮುಸುಕು, ಗಾಳಿಯನ್ನು ಹೊರಗೆಳೆಯುವ ಬೂತ್ ಬೇಕು. ವಾಸನೆಯನ್ನು ನಂಬುವಂತಿಲ್ಲ. ನಮಗೆ ಬರುವುದು ಥಿನ್ನರ್ ವಾಸನೆ, ಐಸೋಸಯನೇಟಿನದಲ್ಲ. ಗನ್ ನಿಲ್ಲಿಸಿದ ಮೇಲೂ ಕಣ್ಣಿಗೆ ಕಾಣದ ಮಂಜು ಸ್ವಲ್ಪ ಹೊತ್ತು ಗಾಳಿಯಲ್ಲಿ ಉಳಿದಿರುತ್ತದೆ. ಬಣ್ಣ ಹೇಗೆ ಕುಳಿತಿದೆ ಎಂದು ನೋಡಲು ಮುಸುಕು ಎತ್ತುವ ಪೈಂಟರ್ ಅದನ್ನೇ ಸೇವಿಸುತ್ತಾನೆ. ಗೋಡೆ ಕಟ್ಟಿದ ಶೆಡ್ಡಿನಲ್ಲಾದರೆ ಕೇಳುವುದೇ ಬೇಡ.

ಹಾಗಾಗಿ ಮನೆಯಲ್ಲಿ ಪಿಯು ಹೊಡೆಯಲು ಬಿಡಬೇಡಿ. ಉಜ್ಜಿ ಸಿದ್ಧವಾದ ಕಾರನ್ನು ಸ್ಪ್ರೇಗೆ ಮಾತ್ರ ಬೂತ್ ಇರುವ ಗ್ಯಾರೇಜಿಗೆ ಒಯ್ಯಲಿ. ಬೇರೆಯವರು ಉಜ್ಜಿದ ಕಾರನ್ನು ಕೆಲವರು ಒಪ್ಪುವುದಿಲ್ಲ, ಮೊದಲೇ ಮಾತಾಡಿಕೊಳ್ಳಬೇಕು. ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಲಿ. ಸ್ಪ್ರೇ ಆಗಿ ಚೆನ್ನಾಗಿ ಒಣಗಿದ ಮೇಲೆ 1500, 2000ದ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ಬರಿಸುವ ಕೆಲಸವನ್ನು ಮತ್ತೆ ಅಂಗಳದಲ್ಲೇ ಮಾಡಬಹುದು. ಅಂಚುಗಳಲ್ಲಿ ಮಾತ್ರ ಒತ್ತಬಾರದು, ಅಲ್ಲಿ ಬಣ್ಣ ತೆಳುವಾಗಿರುತ್ತದೆ.

ಚಿಕ್ಕ ಜಾಗಕ್ಕೆ ಎನ್‌ಸಿ ಬಣ್ಣ ಸಾಕೆಂದಾದರೆ ಬಯಲಿನಲ್ಲಿ ಹೊಡೆಯಲಿ. ಮಳೆಗಾಲದಲ್ಲಿ ಬೇಡ. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆಯ ಬುಡಕ್ಕೂ ತಲುಪೀತು. ಕೆಲಸ ಮುಗಿದು ವಾಸನೆ ಹೋಗುವ ತನಕ ಅಡುಗೆಮನೆಯಲ್ಲಿ ಬೆಂಕಿ ಹಚ್ಚಬೇಡಿ. ಗರ್ಭಿಣಿಯರು, ಕೂಸುಗಳು ಆ ದಿನ ನೆರೆಮನೆಯಲ್ಲಿರಲಿ.

ಉಗುರಿಗಂಟಿದ ಬಣ್ಣ ವುಝೂವಿನ ನೀರನ್ನು ತಡೆಯುತ್ತದೆಂದು ನಮಾಝಿನ ಹೊತ್ತಿಗೆ ಕೈಗೆ ಥಿನ್ನರ್ ಸುರಿದು ತಿಕ್ಕುವವರಿದ್ದಾರೆ. ಥಿನ್ನರ್ ಚರ್ಮದ ಮೂಲಕವೂ ಒಳಹೋಗುತ್ತದೆ. ಮೊದಲೇ ಕೈಗವಸು ಹಾಕಿಕೊಂಡರೆ ಆ ಕಷ್ಟವಿಲ್ಲ. ಅಂಟಿದ್ದರೆ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಸಾಬೂನಿನಿಂದ ತೊಳೆಯಲಿ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ.

ಉಳಿದ ಥಿನ್ನರನ್ನು ತಂಪುಪಾನೀಯದ ಬಾಟಲಿಗೆ ತುಂಬಿಡುವ ಅಭ್ಯಾಸ ಅತ್ಯಂತ ಅಪಾಯಕಾರಿ. ಮಗು ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಬಣ್ಣದ ಕೆಲಸ ಮಾಡಿದವನಿಗೆ ಕೆಮ್ಮು, ಎದೆಬಿಗಿತ ಅಲ್ಲೇ ಕಾಣಿಸದೆ ಕೆಲವು ಗಂಟೆಗಳ ಬಳಿಕ, ರಾತ್ರಿ ಮಲಗಿದ ಮೇಲೆ ಬರಬಹುದು. ಶೀತವೆಂದು ಕಷಾಯ ಕೊಟ್ಟು ಸುಮ್ಮನಾಗದೆ ವೈದ್ಯರ ಬಳಿ ಕಳುಹಿಸಿ. ಹಾರ್ಡನರ್ ಡಬ್ಬದ ಮೇಲಿನ ಬರಹವನ್ನು ಅವರಿಗೆ ತೋರಿಸಲಿ.