ಆರು ಡಾಲರಿನ ಅರ್ಜಿ

ನವ್ಯ ಕಲೆಯ ಮಾತು ಬಂದರೆ ಸಾಕು, ನಮ್ಮವರಲ್ಲಿ ಒಬ್ಬರಾದರೂ ಫ್ರಾನ್ಸಿನ ಕಲಾವಿದ ಮಾರ್ಸೆಲ್ ದ್ಯುಶಾನ ಯೂರಿನಲ್ ಪ್ರಸಂಗವನ್ನು ಹೇಳಿ ನಗುತ್ತಾರೆ. ಅಂಗಡಿಯಿಂದ ತಂದದ್ದೇ ಕಲೆಯಾದರೆ ನಮ್ಮ ಬಚ್ಚಲುಮನೆಯೂ ಮ್ಯೂಸಿಯಂ ಆಗಬೇಕಲ್ಲ ಎಂಬ ಕುಚೋದ್ಯ ಬೇರೆ. ನಗುವ ಮೊದಲು ಕಡತವನ್ನೊಮ್ಮೆ ಬಿಚ್ಚಿ ನೋಡುವುದು ನ್ಯಾಯ.

1917ರಲ್ಲಿ ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಸಂಘವು ದೊಡ್ಡದೊಂದು ಪ್ರದರ್ಶನವನ್ನು ಏರ್ಪಡಿಸಿತು. ತೀರ್ಪುಗಾರರಿಲ್ಲ, ಬಹುಮಾನವಿಲ್ಲ, 6 ಡಾಲರ್ ಕಟ್ಟಿದ ಯಾರ ಕೃತಿಗಾದರೂ ಜಾಗವುಂಟು. ಇದು ಸಂಘವೇ ಸಾರಿದ ನಿಯಮ. ಆಗ ‘ಆರ್. ಮಟ್’ ಎಂಬ ಹೆಸರಿನಲ್ಲಿ ‘ಕಾರಂಜಿ’ ಎಂಬ ಕೃತಿ ಬಂತು. ಗೋಡೆಗೆ ಕೂರಿಸುವ ಪಿಂಗಾಣಿಯ ಯೂರಿನಲ್ಲನ್ನು ಮಲಗಿಸಿ, ಮೇಲೆ ಸಹಿಯನ್ನೂ ಇಸವಿಯನ್ನೂ ಬರೆದಿತ್ತು. ಮಂಡಳಿ ಬಹುಮತದಿಂದ ಅದನ್ನು ಹೊರಗಿಟ್ಟಿತು. ಮಂಡಳಿಯ ಸದಸ್ಯನೇ ಆಗಿದ್ದ ದ್ಯುಶಾ ರಾಜೀನಾಮೆ ಕೊಟ್ಟ.

ನನ್ನಂಥ ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಅರ್ಜಿ ಕ್ರಮಬದ್ಧವಾಗಿತ್ತು, ಶುಲ್ಕ ಸಂದಾಯವಾಗಿತ್ತು, ತಿರಸ್ಕರಿಸಲು ಯಾವ ಕಲಮೂ ಇರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ತೀರ್ಪುಗಾರರಿಲ್ಲವೆಂದು ಡಂಗುರ ಹೊಡೆದವರೇ ಬಾಗಿಲಲ್ಲಿ ತೀರ್ಪುಗಾರರಾಗಿ ನಿಂತರು. ಆ ಪಿಂಗಾಣಿ ಬಯಲು ಮಾಡಿದ ಮೊದಲ ಸತ್ಯ ಇದು.

ಎರಡನೆಯದು ಇನ್ನೂ ಆಳವಾದದ್ದು. ಕಲೆಯೆಂದರೆ ಕಲಾವಿದನ ಕೈಕೆಲಸ, ಕಣ್ಣಿಗೆ ಅಂದ, ಜಗತ್ತಿಗೇ ಒಂದು ಪ್ರತಿ, ಹೀಗೆಂದು ಎಲ್ಲರೂ ನಂಬಿದ್ದರು. ಕಾರ್ಖಾನೆಯ ಸರಕನ್ನು ಆರಿಸಿ, ಬೇರೆ ಹೆಸರಿಟ್ಟು, ಬೇರೆ ಜಾಗದಲ್ಲಿ ಇಟ್ಟದ್ದರಿಂದ ಮೂರೂ ನಂಬಿಕೆಗಳು ಅಲುಗಿದವು. ಆಯ್ಕೆಯೂ ಆಲೋಚನೆಯೂ ಕಲೆಯ ಕೆಲಸವೇ ಎಂಬ ವಾದಕ್ಕೆ ಇಂದಿಗೂ ಸುಲಭದ ಉತ್ತರ ಸಿಕ್ಕಿಲ್ಲ.

ಹಾಗಾದರೆ ಕಂಡದ್ದೆಲ್ಲ ಕಲೆಯೇ? ಖಂಡಿತ ಅಲ್ಲ. ಮೊದಲು ಪ್ರಶ್ನೆ ಕೇಳಿದವನಿಗೆ ಧೈರ್ಯ ಬೇಕಿತ್ತು. ಅದನ್ನೇ ನೂರನೆಯ ಸಲ ಕೇಳಿ ಹಣ ಎಣಿಸುವವನಿಗೆ ಏನು ಬೇಕು? ಮೂಲ ‘ಕಾರಂಜಿ’ ಕಳೆದೇ ಹೋಯಿತು. ಉಳಿದದ್ದು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಛಾಯಾಚಿತ್ರ. 1964ರಲ್ಲಿ ದ್ಯುಶಾನ ಒಪ್ಪಿಗೆಯಿಂದಲೇ ಅದರ ಪ್ರತಿಗಳು ತಯಾರಾದವು. ಅವುಗಳಲ್ಲೊಂದು 1999ರ ಹರಾಜಿನಲ್ಲಿ 17 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ವಿಗ್ರಹಭಂಜಕನ ಸುತ್ತಿಗೆಯನ್ನೇ ವಿಗ್ರಹವಾಗಿಸಿ ಪೂಜಿಸುವುದೆಂದರೆ ಇದೇ ಅಲ್ಲವೇ? ಇದರಲ್ಲಿ ದ್ಯುಶಾನ ಪಾಲೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದ್ದರಿಂದ ನನ್ನ ಜಗಳ ಇಬ್ಬರೊಡನೆ. ನೋಡದೆಯೇ ನಗುವವರು 1917ರ ಮಂಡಳಿಯ ವಾರಸುದಾರರು. ಬೆಲೆ ಕೇಳಿ ಕೈಮುಗಿಯುವವರು ಹರಾಜು ಕಟ್ಟೆಯ ಭಕ್ತರು. ಇಬ್ಬರೂ ತೀರ್ಪನ್ನು ಬೇರೆಯವರಿಗೆ ಬಿಟ್ಟುಕೊಟ್ಟವರೇ. ಮಹಾನಗರದಲ್ಲಿರುವ ನಮಗೆ ಗ್ಯಾಲರಿಗಳೇನೂ ದೂರವಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗೋಣ. “ಇದೂ ಕಲೆಯೇ ಅಪ್ಪಾ?” ಎಂದು ಮಗು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿ. ದ್ಯುಶಾ ಆರು ಡಾಲರ್ ಕಟ್ಟಿ ಕೇಳಿದ್ದೂ ಅದೇ ಪ್ರಶ್ನೆಯನ್ನು.