ಕಳವಿಲ್ಲದ ನಷ್ಟ

ಏನಾದರೂ ಕಳವಾದರೆ ಮಾತ್ರ ನಷ್ಟವೆಂದು ಎಣಿಸುವುದು ಲೋಕರೂಢಿ. ಕೆಲಸ ನಿಂತುಹೋಗುವುದೂ ನಷ್ಟವೇ ಎಂಬುದನ್ನು ಶ್ರೀನಿವಾಸಪುರದ ಮಾವು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿಯಲ್ಲಿ ಮಂಡಿಯ ವಹಿವಾಟು ನಿಂತರೆ, ಒಂದು ಹಣ್ಣೂ ಕಳವಾಗದೆ ರಾಶಿಯೇ ಕೊಳೆಯತೊಡಗುತ್ತದೆ.

ಗಣಕಯಂತ್ರಗಳ ಲೋಕದಲ್ಲಿ ಇಂಥ ನಷ್ಟವನ್ನು ಉಂಟುಮಾಡುವುದಕ್ಕೆ 'ಸೇವಾ ನಿರಾಕರಣೆ' ಎಂದು ಹೆಸರು. ಒಂದು ನಿದರ್ಶನವನ್ನು ನೋಡೋಣ. ಯಂತ್ರಕ್ಕೆ ಕಲಿಸುವ 'ಟೆನ್ಸರ್‌ಫ್ಲೋ' ಎಂಬ ತಂತ್ರಾಂಶ ಸಂಗ್ರಹವನ್ನು ಗೂಗಲ್ ಸಂಸ್ಥೆಯು 2015ರ ನವೆಂಬರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಒದಗಿಸಿತು. ಚಿತ್ರದ ಮೇಲೆ ಅಂಕಿಗಳ ಚಿಕ್ಕ ಜರಡಿಯೊಂದನ್ನು ಸರಿಸುತ್ತ ಅಂಚು, ಬಣ್ಣ, ಕಲೆಗಳನ್ನು ಆಯ್ದುಕೊಳ್ಳುವುದು ಅದರ ಮುಖ್ಯ ಕ್ರಿಯೆಗಳಲ್ಲೊಂದು. ಈ ಕ್ರಿಯೆಯಲ್ಲಿಯೇ ದೋಷವೊಂದಿದ್ದುದು 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಲೆಕ್ಕದ ನಡುವೆ ಬರುವ ಭಾಜಕವು ಬಳಸುವವನು ಕೊಟ್ಟ ಅಳತೆಯನ್ನೇ ಅವಲಂಬಿಸಿತ್ತು. ಅದು ಸೊನ್ನೆಯಾದರೆ ಗತಿಯೇನು? ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಲಾಗದು. ಆದುದರಿಂದ ಇಡೀ ಕಾರ್ಯಕ್ರಮವೇ ನಿಂತುಬಿಡುತ್ತದೆ. ಅದರಿಂದಲೇ ಉತ್ತರ ಪಡೆಯುತ್ತಿದ್ದ ಉಳಿದವರಿಗೂ ಬಾಗಿಲು ಮುಚ್ಚುತ್ತದೆ. ತಿದ್ದುಪಡಿಯಾದರೋ ಬಲು ಸರಳ: ಭಾಗಿಸುವ ಮೊದಲು ಭಾಜಕವನ್ನು ಪರೀಕ್ಷಿಸಿ, ತಪ್ಪಿದ್ದರೆ ಆ ಒಂದು ಕೋರಿಕೆಯನ್ನಷ್ಟೇ ಹಿಂದಿರುಗಿಸುವುದು. 2.5.0 ಆವೃತ್ತಿಯಲ್ಲಿ ಹಾಗೆಯೇ ಮಾಡಲಾಯಿತು. ಹಿಂದಿನ ಕೆಲವು ಆವೃತ್ತಿಗಳಿಗೂ ಅದನ್ನು ಅಳವಡಿಸಲಾಯಿತು.

ಇದರಿಂದ ಗುಟ್ಟೇನೂ ಹೊರಬೀಳದು. ಅಳತೆಗಳನ್ನು ಹೊರಗಿನವರಿಂದ ಸ್ವೀಕರಿಸುವೆಡೆಯಲ್ಲಿ ಮಾತ್ರ ಅಪಾಯ. ಆದಕಾರಣ ಇದು ಕ್ಷುಲ್ಲಕವೆನ್ನುವವರುಂಟು. ಈ ವಾದ ಒಪ್ಪತಕ್ಕದ್ದಲ್ಲ. ದೋಷದ ತೂಕವನ್ನು ಅದು ತಲೆದೋರುವ ಸ್ಥಳದಿಂದ ಅಳೆಯಬೇಕು. ಪ್ರಯೋಗಾಲಯದಲ್ಲಿ ನಿಂತ ಯಂತ್ರವನ್ನು ಮತ್ತೆ ನಡೆಸಿದರಾಯಿತು. ತೋತಾಪುರಿ, ಬಾದಾಮಿ ಹಣ್ಣುಗಳನ್ನು ಚಿತ್ರದಿಂದಲೇ ವಿಂಗಡಿಸುವ ಯಂತ್ರವು ಮಂಡಿಗೆ ಬಂದಿತೆನ್ನಿ. ಜೂನ್ ತಿಂಗಳ ನೂಕುನುಗ್ಗಲಿನಲ್ಲಿ ಇಂಥದೇ ನಿಲುಗಡೆ ರೈತನ ವರ್ಷದ ದುಡಿಮೆಗೇ ಸಂಚಕಾರ. ಮೇಲಾಗಿ, ಮರಳಿ ನಡೆಸಿದ ಯಂತ್ರಕ್ಕೆ ಅದೇ ಕೆಟ್ಟ ಅಂಕಿಯನ್ನು ಮರಳಿ ಉಣಿಸಿದರೆ ಅದು ಮರಳಿ ನಿಲ್ಲುತ್ತದೆ.

ಹಾಗೆಂದು ಯಂತ್ರವೇ ಬೇಡವೆನ್ನುವುದು ವಿವೇಕವಲ್ಲ. ಹೊರಗಿನಿಂದ ಬರುವ ಪ್ರತಿಯೊಂದು ಅಂಕಿಯೂ ಹೊಸ್ತಿಲಲ್ಲಿಯೇ ಪರೀಕ್ಷೆಗೆ ಒಳಗಾಗಬೇಕು. ತಿದ್ದಿದ ಆವೃತ್ತಿಯನ್ನು ಅಳವಡಿಸುವ ಹೊಣೆ ಯಾರದೆಂಬುದು ಕರಾರಿನಲ್ಲಿಯೇ ಸ್ಪಷ್ಟವಾಗಿರಬೇಕು. ಕೈಯಿಂದ ವಿಂಗಡಿಸಬಲ್ಲ ಅನುಭವಿಗಳನ್ನು ಯಂತ್ರ ಬಂದಿತೆಂದು ಕಳುಹಿಸಿಬಿಡಬಾರದು. ಯಂತ್ರವು ಎಷ್ಟು ಚೆನ್ನಾಗಿ ಗುರುತಿಸುತ್ತದೆಂದು ಕೇಳಿ ಕೊಳ್ಳುವವರು, ತಪ್ಪು ಅಂಕಿ ಬಂದಾಗ ಅದು ಏನು ಮಾಡುತ್ತದೆಂಬುದನ್ನೂ ಹಣ ಕೊಡುವ ಮುನ್ನವೇ ಕೇಳತಕ್ಕದ್ದು.